ಗುಬ್ ಎನ್ನದ ಆಲಿಕೆ

ನನ್ನ ಓರಗಿತ್ತಿಯದು ಎಣ್ಣೆ ವ್ಯಾಪಾರ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನೂ ಅಲ್ಲೇ ಇದ್ದೇನೆ. ಅವಳು ಡ್ರಮ್ಮಿನ ನಲ್ಲಿಯ ಕೆಳಗೆ ಬಾಟಲಿ ಇಟ್ಟು, ಅದರ ಬಾಯಿಗೆ ತಗಡಿನ ಆಲಿಕೆ ಸಿಕ್ಕಿಸಿ ತುಂಬಿಸುತ್ತಿದ್ದಳು. ಅವಳ ಬಾಯಿ ಜೋರು, ಆದರೆ ಅಳತೆಯಲ್ಲಿ ಒಂದು ಹನಿ ಹೆಚ್ಚುಕಮ್ಮಿ ಇಲ್ಲ. ಗಂಡ, ಅಂದರೆ ನನ್ನ ಮೈದುನ, ಅವಳನ್ನು 'ಗುಬ್ಬಿ' ಎಂದೇ ಕರೆಯುತ್ತಿದ್ದ.

ಅವನು ತೀರಿಕೊಂಡ ದಿನ ಮಧ್ಯಾಹ್ನ, ಒಳಕೋಣೆಯ ಮಂಚದಿಂದ 'ಗುಬ್ಬಿ' ಎಂದು ಕರೆದಿದ್ದ.

"ಬಂದೆ, ಈ ಬಾಟಲಿ ತುಂಬ್ಲಿ," ಎಂದಿದ್ದಳು. ಬಾಟಲಿ ತುಂಬಿತು. ಒಳಗೆ ಹೋಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಅಂದಿನಿಂದ ಆಲಿಕೆ ಅವಳನ್ನು ಕರೆಯತೊಡಗಿತು. ಕೊಳವೆ ಬಾಟಲಿಯ ಕತ್ತಿಗೆ ಬಿಗಿಯಾಗಿ ಕೂತರೆ ಒಳಗಿನ ಗಾಳಿಗೆ ದಾರಿಯಿಲ್ಲ. ಎಣ್ಣೆಯನ್ನು ಸೀಳಿಕೊಂಡು ಮೇಲೆ ಬರುತ್ತದೆ. ನಮಗೆ ಅದು ಗುಬ್, ಗುಬ್. ಅವಳಿಗೆ ಗುಬ್ಬಿ, ಗುಬ್ಬಿ. ನಲ್ಲಿ ನಿಲ್ಲಿಸಿ ಒಳಗೆ ಹೋಗುವಳು, ಬರಿಯ ಮಂಚ ನೋಡಿಕೊಂಡು ಬರುವಳು. ಪ್ರತಿ ಬಾಟಲಿಗೂ ಹೀಗೇ. ಕಾದು ಕಾದು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು.

"ಬೇರೆ ಆಲಿಕೆ ತಗೊಳ್ಳೇ," ಎಂದು ನಾನೇ ಪಾತ್ರೆ ಅಂಗಡಿಗೆ ಎಳೆದುಕೊಂಡು ಹೋದೆ.

ಪ್ಲಾಸ್ಟಿಕ್ಕಿನದನ್ನು ಮುಟ್ಟಿ ಬಿಟ್ಟಳು. ಎಣ್ಣೆ ಕುಡಿದು ಜಿಗುಟಾಗುತ್ತದೆ. ಬೆಸುಗೆ ಇದ್ದದ್ದು ಬೇಡ; ಒಂದಲ್ಲ ಒಂದು ದಿನ ಅಲ್ಲೇ ಸೋರುತ್ತದೆ. ಉಳಿದವಕ್ಕೆ ನೀರು ಹೊಯ್ಯಿಸಿ ಕಿವಿಗೊಟ್ಟಳು.

"ಅಮ್ಮಾ, ನೀವು ತಗೊಳ್ತಿರೋದು ಆಲಿಕೆನೋ ಪೀಪಿನೋ?" ಎಂದ ಅಂಗಡಿಯವನು.

"ಊದೋಕೆ ನಿನ್ನ ಬಾಯಿದೆಯಲ್ಲಪ್ಪ, ಸಾಕು. ಸದ್ದು ಮಾಡದ್ದು ಕೊಡು."

ಅವನು ದಪ್ಪ ಸ್ಟೀಲಿನದೊಂದು ತೆಗೆದ. ಕೊಳವೆಯ ಹೊರಮೈಗೆ ಉದ್ದುದ್ದ ಏಣುಗಳಿದ್ದವು. "ಈ ಸಂದಿಯಲ್ಲಿ ಗಾಳಿ ಹೊರಗೆ ಹೋಗುತ್ತೆ. ಗುಬ್ ಅನ್ನಲ್ಲ. ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ತಗೊಳ್ಳಿ."

ನಿಜ, ಗುಬ್ ಅನ್ನಲಿಲ್ಲ. ಎಣ್ಣೆ ದಾರದ ಹಾಗೆ ಇಳಿಯಿತು. ಗಿರಾಕಿಗಳು ಮರಳಿದರು. ಅವಳ ಬಾಯಿ ಮಾತ್ರ ಕಟ್ಟಿಹೋಯಿತು.

"ಏನೇ, ಈಗ ನೆಮ್ಮದಿ ತಾನೇ?" ಎಂದು ಒಂದು ದಿನ ಅವಳು ಬಾಟಲಿ ತುಂಬಿಸುತ್ತಿದ್ದಾಗ ಕೇಳಿದೆ.

"ಕರೆಯೋದು ನಿಂತಿದೆ ಅಕ್ಕಾ. ಆದ್ರೆ ಅವರು ಹೋಗಿಲ್ಲ. ಕರೆದ್ರೂ ಇವಳು ಬರಲ್ಲ ಅಂತ ಸುಮ್ನೆ ಕೂತಿದ್ದಾರೆ."

ಹೇಳುತ್ತಲೇ ಎದ್ದು ಒಳಗೆ ಹೋದಳು. ನಲ್ಲಿ ನಿಲ್ಲಿಸಲಿಲ್ಲ. ಬಾಟಲಿ ತುಂಬಿ, ಎಣ್ಣೆ ಸದ್ದಿಲ್ಲದೆ ನೆಲದ ಮೇಲೆ ಹರಡತೊಡಗಿತು. ತಿರುವಿ ನಿಲ್ಲಿಸಲು ನಾನು ಎದ್ದೆ. ಒಳಕೋಣೆಯಲ್ಲಿ ಅವಳು ಮೆಲ್ಲಗೆ ಮಾತಾಡುತ್ತಿದ್ದಳು; ನಡುನಡುವೆ, ಉತ್ತರ ಕೇಳಿಸಿಕೊಳ್ಳುವವರ ಹಾಗೆ, ಸುಮ್ಮನಾಗುತ್ತಿದ್ದಳು.