ತಾಮರದ ಮುಲಾಮು

ನಮ್ಮ ಮನೆಯಲ್ಲಿ ಹುಳುಕಡ್ಡಿಗೆ ತಾಮರ ಎನ್ನುತ್ತಾರೆ. ಅದು ತೆಲುಗಿನ ಮಾತು. ತೆಲುಗಿನಲ್ಲಿ ತಾವರೆ ಹೂವಿಗೂ ಅದೇ ಹೆಸರು. ಬೈರಕೂರಿನ ಸುತ್ತಮುತ್ತ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ತಾಮರ ಬಂದಿದೆ ಎಂದರೆ ಯಾರೂ ಹೂವನ್ನು ಹುಡುಕುವುದಿಲ್ಲ, ಎಲ್ಲಿ ತುರಿಸುತ್ತಿದೆ ಎಂದು ಕೇಳುತ್ತಾರೆ.

ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಯತ್ನಿಸುತ್ತೇನೆ.

ಆ ಮಳೆಗಾಲ ತಂಗಿ ಬಾಣಂತನ ಮುಗಿದ ಮೇಲೂ ತವರಿನಲ್ಲೇ ಇದ್ದಳು. ಮಗಳಿಗೆ ಐದು ತಿಂಗಳು. ರೇಷ್ಮೆಹುಳುಗಳಿಗೆ ಒದ್ದೆ ಸೊಪ್ಪಿನ ಹೊರೆಯನ್ನು ಸೊಂಟಕ್ಕೆ ಒತ್ತಿಕೊಂಡು ತರುತ್ತಿದ್ದಳು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಬಳೆಯಷ್ಟಗಲದ ಕೆಂಪು ಉಂಗುರ ಎದ್ದಿತು. ನಾನು ಮಾಲೂರಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ. ಸ್ಟೇಷನ್ ರಸ್ತೆಯ ಮೆಡಿಕಲ್ ಸ್ಟೋರಿನಲ್ಲಿ "ಹುಳುಕಡ್ಡಿಗೆ, ಬೇಗ ಹೋಗೋ ಅಂಥದ್ದು ಕೊಡಿ" ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರೇ ದಿನಕ್ಕೆ ಉಂಗುರ ಮಾಸಿತು. ತಂಗಿ ಫೋನಿನಲ್ಲಿ ನಗುತ್ತಿದ್ದಳು. "ಅಕ್ಕಾ, ಮಂತ್ರ ಹಾಕ್ದಂಗೆ ಓಯ್ತು ಕಣೇ!" ಹಚ್ಚುವುದನ್ನು ಬಿಟ್ಟಳು. ವಾರದೊಳಗೆ ಒಂದಿದ್ದದ್ದು ಮೂರಾಯಿತು. ಮತ್ತೆ ಹಚ್ಚಿದಳು, ಮತ್ತೆ ಮಾಸಿತು. ನಾನು ಇನ್ನೆರಡು ಟ್ಯೂಬ್ ತಂದುಕೊಟ್ಟೆ. ಅಷ್ಟರಲ್ಲಿ ಮಗುವಿನ ತೊಡೆಯ ಸಂದಿಯಲ್ಲೂ ಒಂದು ಕೆಂಪು ಉಂಗುರ. ಅವಳ ಸೊಂಟದ ಮೇಲೆ ಕೂರುತ್ತಿದ್ದ ಮಗು, ಅಲ್ಲಿಂದಲೇ ಅಂಟಿರಬೇಕು. ಅದೇ ಟ್ಯೂಬಿನಿಂದ ದಿನಕ್ಕೆ ಮೂರು ನಾಲ್ಕು ಸಲ ಬಳಿದು, ಮೇಲೆ ಡೈಪರ್ ಕಟ್ಟುತ್ತಿದ್ದಳು. ಶನಿವಾರ ಭಾನುವಾರ ನಾನೇ ಬಳಿಯುತ್ತಿದ್ದೆ. ಮಗು ಕಾಲು ಬಡಿದು ನಗುತ್ತಿತ್ತು.

ಎರಡು ತಿಂಗಳಲ್ಲಿ ಮಗು ದುಂಡಗಾಯಿತು. ಕೆನ್ನೆ ತುಂಬಿ ಕಣ್ಣು ಸಣ್ಣದಾಯಿತು. ಪಕ್ಕದ ಮನೆಯ ಅಜ್ಜಿ ಜಗಲಿಗೆ ಬಂದು ಕೂತು, "ಏನೇ, ಮಗೂಗೆ ಹಾಲ್ ಕುಡಿಸ್ತೀಯೋ, ಬೆಣ್ಣೆ ತಿನ್ನಿಸ್ತೀಯೋ? ಬೊದ್ದುಗವ್ಳೆ ನೋಡು, ಸಾಹುಕಾರ್ತಿ!" ಎಂದರು. ತಂಗಿ ಹೆಮ್ಮೆಯಿಂದ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಸಂಜೆ ಅಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಕೈಕಾಲು ಸಣ್ಣಗೇ ಇದ್ದವು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಮಕ್ಕಳು ಹೀಗೇ ಬೆಳೆಯುತ್ತವೆ ಎಂದುಕೊಂಡೆ.

ಆಮೇಲೆ ಮಗು ಸಣ್ಣ ಜ್ವರದಿಂದ ಮಂಕಾಯಿತು. ಮುಳಬಾಗಿಲಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ದೂರದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದರು. ಔಷಧಿ ಏನಾದರೂ ಕೊಡುತ್ತಿದ್ದೀರಾ ಎಂದು ಕೇಳಿದರು.

"ಏನಿಲ್ಲ ಸಾ. ತಾಮರದ ಮುಲಾಮು ಹಚ್ತೀವಿ, ಅಷ್ಟೇಯ" ಎಂದಳು ತಂಗಿ.

"ತಾವರೆ ಮುಲಾಮಾ? ನಾಟಿ ಔಷಧಿನಾ? ಅದೇನೂ ಮಾಡಲ್ಲ ಬಿಡಿ, ಹಚ್ಚಿ."

ಅವರು ಹೂವು ಎಂದುಕೊಂಡಿದ್ದಾರೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಇದನ್ನು ನಾನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಕ್ಲಿನಿಕ್ಕಿನ ಗದ್ದಲದಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಬರೆಯಬಹುದಿತ್ತು. ಕೇಳಿಸಿತ್ತು. ಟ್ಯೂಬು ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು. ಚೀಟಿಯಿಲ್ಲದೆ ನಾನೇ ಅಂಗಡಿಯಿಂದ ತಂದದ್ದು ಎಂದರೆ ಎಲ್ಲರೆದುರು ಬೈಯುತ್ತಾರೆ ಎಂದು ಹೆದರಿದೆ. ಓದಿದವಳು ನಾನು. ಸುಮ್ಮನೆ ಕುಳಿತೆ.

ಹೊರಗೆ ಬಂದ ಮೇಲೆ ತಂಗಿ ನಿರಾಳವಾಗಿದ್ದಳು. "ಡಾಕ್ಟ್ರೇ ಹಚ್ಚಿ ಅಂದ್ರಲ್ಲಕ್ಕಾ." ನಾನು "ಹೂಂ" ಎಂದೆ.

ಒಂಬತ್ತು ದಿನ ಹಚ್ಚಿದಳು. ಹತ್ತನೆಯ ದಿನ ಬೆಳಗ್ಗೆ ಮಗು ಹಾಲಿಗೆ ಬಾಯಿ ತೆರೆಯಲಿಲ್ಲ. ವಾಂತಿ ಮಾಡಿಕೊಂಡು, ಮೈ ಸಡಿಲವಾಗಿ, ಕೂಗಿದರೂ ಕಣ್ಣು ಬಿಡುತ್ತಿರಲಿಲ್ಲ. ಕಾರು ಮಾಡಿಕೊಂಡು ಕೋಲಾರದ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ನರ್ಸ್ ಶ್ರೀನಿವಾಸಪುರದ ಕಡೆಯವರು. ತಂಗಿ ಅದೇ ಮಾತು ಹೇಳಿದಳು, ತಾಮರದ ಮುಲಾಮು. ನರ್ಸ್ ಬರೆಯುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತಿದರು. "ತಾಮರಕಾ? ಏ ಮಂದಮ್ಮಾ ಪೂಸಿಂದಿ?" ಹುಳುಕಡ್ಡಿಗಾ, ಯಾವ ಔಷಧಿ ಹಚ್ಚಿದ್ದು ಎಂದು. ನಾನು ಟ್ಯೂಬು ತೆಗೆದು ಕೊಟ್ಟೆ. ಅವರು ಅದನ್ನು ಹಿಡಿದು ಡಾಕ್ಟರ ಕೋಣೆಗೆ ಓಡಿದರು.

ಡಾಕ್ಟರಮ್ಮ ಹೇಳಿದ್ದಿಷ್ಟು. ಆ ಟ್ಯೂಬಿನಲ್ಲಿ ಹುಳುಕಡ್ಡಿಯ ಔಷಧಿಯ ಜೊತೆಗೆ ಬಲವಾದ ಸ್ಟೆರಾಯ್ಡ್ ಬೆರೆಸಿದೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಕೆಳಗೆ ರೋಗ ಹರಡುತ್ತಲೇ ಇರುತ್ತದೆ. ಮಗುವಿನ ತೆಳು ಚರ್ಮದಿಂದ, ಡೈಪರಿನ ಬಿಸಿಗೆ, ಅದು ಒಳಗೆ ಇಳಿದಿದೆ. ಮುಖ ತುಂಬಿದ್ದು ಪುಷ್ಟಿಯಿಂದಲ್ಲ, ಆ ಸ್ಟೆರಾಯ್ಡಿನಿಂದ. ಹೊರಗಿನಿಂದ ಸಿಗುತ್ತಿದ್ದರಿಂದ ಮೈ ತನ್ನದೇ ಸ್ಟೆರಾಯ್ಡನ್ನು ತಯಾರಿಸುವುದು ಮರೆತಿದೆ, ಜ್ವರ ಬಂದಾಗ ಅದು ಬೇಕಾದಷ್ಟು ಒದಗಿಲ್ಲ. ತಟ್ಟನೆ ನಿಲ್ಲಿಸಿದರೂ ಅಪಾಯ, ಔಷಧಿ ಕೊಟ್ಟು ನಿಧಾನವಾಗಿ ಇಳಿಸಬೇಕು.

ಮಗು ಹನ್ನೊಂದು ದಿನ ಅಲ್ಲಿತ್ತು. ನಾಲ್ಕನೆಯ ದಿನ ಹಾಲು ಕುಡಿಯಿತು. ಅಂದು ನರ್ಸ್ ತಂಗಿಯ ಸೊಂಟಕ್ಕೆ ಬೇರೆ ಮುಲಾಮು ತಂದರು, ಡಾಕ್ಟರಮ್ಮ ಬರೆದುಕೊಟ್ಟದ್ದು, ಸ್ಟೆರಾಯ್ಡ್ ಇಲ್ಲದ್ದು. "ತೊಳ್ದು, ಪೂರ್ತಿ ಒಣಗಿಸ್ಕೊಂಡು ತೆಳ್ಳಗೆ ಹಚ್ಚಮ್ಮ. ಉಂಗುರದ ಮೇಲಷ್ಟೇ ಅಲ್ಲ, ಅದರಾಚೆ ಒಂದ್ ಬೆರಳಗಲ. ಹಚ್ಚಿದ್ಮೇಲೆ ಕೈ ತೊಳ್ಕೋ. ಕೆಂಪು ಹೋಯ್ತು ಅಂತ ಬಿಡ್ಬೇಡ, ಹೇಳಿದಷ್ಟು ದಿನ ಹಚ್ಬೇಕು. ಟವೆಲ್ ಬೇರೆ, ಬಟ್ಟೆ ಬಿಸಿಲಿಗೆ. ಒಬ್ಬರದು ಇನ್ನೊಬ್ಬರಿಗೆ ಹಚ್ಚೋಕೆ ಇದೇನು ಕುಂಕುಮಾನಾ?"

ತಂಗಿ ನಗಲಿಲ್ಲ. ನರ್ಸ್ ಹೋದ ಮೇಲೆ ನನ್ನ ಕಡೆ ನೋಡದೆ ಕೇಳಿದಳು.

"ಮುಳಬಾಗ್ಲಲ್ಲಿ ಡಾಕ್ಟ್ರು ಹೂವು ಅಂದ್ಕೊಂಡ್ರಾ?"

"ಹೂಂ."

"ನಿಂಗೆ ಅವಾಗ್ಲೇ ಗೊತ್ತಾಯ್ತಾ?"

 

"ಗೊತ್ತಾಯ್ತು."

ಅವಳು ಮಗುವಿನ ಬಟ್ಟೆಗಳನ್ನು ನನ್ನ ಬ್ಯಾಗಿನಿಂದ ಒಂದೊಂದಾಗಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮಗು ಮನೆಗೆ ಬಂದ ಮೇಲೆ ಕೆನ್ನೆ ಮೆಲ್ಲಗೆ ಇಳಿಯಿತು. ಪಕ್ಕದ ಮನೆಯ ಅಜ್ಜಿ, "ಅಯ್ಯೋ, ಯಾರ್ ಕಣ್ ಬಿತ್ತೋ" ಎಂದರು. 

ಈಗ ತಂಗಿ ಗಂಡನ ಮನೆಯಲ್ಲಿದ್ದಾಳೆ, ಗೌನಿಪಲ್ಲಿಯ ಹತ್ತಿರ. ಮಗಳಿಗೆ ಮೂರು ವರ್ಷ. ಚೆನ್ನಾಗಿ ಓಡಾಡುತ್ತಾಳೆ. ತೊಡೆಯ ಒಳಬದಿಯಲ್ಲಿ ಎಳೆಎಳೆಯಾಗಿ ಬಿಳಿ ಗೆರೆಗಳು ಉಳಿದಿವೆ. ತಂಗಿ ನನಗೆ ಊಟ ಬಡಿಸುತ್ತಾಳೆ, ಬಸ್ಸಿನವರೆಗೂ ಬರುತ್ತಾಳೆ. ಹಿಂದಿನಂತೆ ಏನೂ ಕೇಳುವುದಿಲ್ಲ, ಏನೂ ತರಲು ಹೇಳುವುದಿಲ್ಲ.

ಹೋದ ತಿಂಗಳು ಹೋಗಿದ್ದಾಗ ಮಗು ಸ್ನಾನ ಮಾಡಿ ಒದ್ದೆ ಮೈಯಲ್ಲೇ ಓಡಿ ಬಂದು, ಪೌಡರ್ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿತು. "ದೊಡ್ಡಮ್ಮಾ, ಹಚ್ಚು." ತಂಗಿ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಬೇಡ ಎನ್ನಲಿಲ್ಲ. ಹಚ್ಚು ಎಂದೂ ಅನ್ನಲಿಲ್ಲ.

"ಅಮ್ಮನ್ ಹತ್ರ ಹೋಗು ಬಂಗಾರ" ಎಂದು ನಾನು ಡಬ್ಬಿಯನ್ನು ಮಗುವಿನ ಕೈಗೇ ವಾಪಸ್ ಕೊಟ್ಟೆ.