ಅಕ್ಕಚ್ಚು ಕುಡಿದ ಬೋರ್‌ವೆಲ್

ನಾನು ಹುಟ್ಟಿ ಬೆಳೆದದ್ದು ನಾಸಿಕ್‌ನಲ್ಲಿ, ಗೋದಾವರಿಯ ದಂಡೆಗೆ ಹತ್ತಿರದಲ್ಲಿ. ಮದುವೆಯಾಗಿ ಬಂದದ್ದು ಛತ್ರಪತಿ ಸಂಭಾಜಿನಗರಕ್ಕೆ. ಅದೇ ನದಿಯ ನೀರನ್ನು ಪೈಠಣದ ಅಣೆಕಟ್ಟಿನಿಂದ ಪೈಪಿನಲ್ಲಿ ತರಿಸಿಕೊಳ್ಳುವ ಊರು ಇದು. ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೊಸ ಸೊಸೆಯಾಗಿ ಕೇಳಿದಾಗ ಮನೆಯವರೆಲ್ಲ ನಕ್ಕಿದ್ದರು. ಆ ನಗುವಿನ ಅರ್ಥ, ನಲ್ಲಿ ಒಮ್ಮೆಯೂ ತೊಟ್ಟಿಕ್ಕದೆ ಕಳೆದ ಮೊದಲ ವಾರದಲ್ಲೇ ಆಯಿತು.

ನಮ್ಮದು ಉಡುಪಿ ಕಡೆಯವರ ಸಸ್ಯಾಹಾರಿ ಹೋಟೆಲು. ಗಿರಾಕಿ ಕುಳಿತ ಕೂಡಲೇ, ಏನು ಬೇಕು ಎಂದು ಕೇಳುವ ಮೊದಲೇ, ತುಂಬಿದ ಲೋಟ ನೀರು ಅವನೆದುರು ಇರಬೇಕು. ಇದು ಮಾವನ ಕಾನೂನು. ಅರ್ಧ ಲೋಟ ಇಡೋಣ ಎಂದದ್ದಕ್ಕೆ ಅವರು ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದರು. ಆ ನೀರೆಲ್ಲ ಹಿತ್ತಲಿನ ಬೋರ್‌ವೆಲ್ಲಿನದು. ಓಣಿಯ ಹೆಂಗಸರೂ ಅಲ್ಲಿಂದಲೇ ಒಯ್ಯುತ್ತಿದ್ದರು.

ಬೋರ್‌ವೆಲ್ ಬತ್ತುತ್ತ ಬಂದಾಗ ನನ್ನ ಗಂಡ ಓದಿ, ಕೇಳಿ, ಅದರ ಪಕ್ಕದಲ್ಲೇ ಇಂಗುಗುಂಡಿ ತೋಡಿಸಿದರು. ಜಲ್ಲಿ, ಇದ್ದಿಲು, ಮರಳು ಹಾಕಿ, ತಾರಸಿಯ ಮಳೆನೀರನ್ನು ಅದಕ್ಕೆ ಇಳಿಸಿದರು. ಆ ವರ್ಷ ಬೇಸಿಗೆಯಲ್ಲೂ ಪಂಪು ಕೆಮ್ಮಲಿಲ್ಲ. ನಾವು ಗೆದ್ದೆವು ಎಂದೇ ನಾನು ತಿಳಿದೆ.

ಆದರೆ ಮಾವನಿಗೆ ಹಳೆಯ ಸಂಕಟವೊಂದಿತ್ತು. ಅಕ್ಕಿ, ಉದ್ದು ತೊಳೆದ ನೀರಿಗೆ ನಮ್ಮ ಕಡೆ ಅಕ್ಕಚ್ಚು ಎನ್ನುತ್ತಾರೆ. ಊರಲ್ಲಿ ಅದನ್ನು ದನಕ್ಕೆ ಇಡುತ್ತಾರೆ, ಯಾರೂ ಚೆಲ್ಲುವುದಿಲ್ಲ. ಇಲ್ಲಿ ದನ ಎಲ್ಲಿದೆ? ದಿನವೂ ಹಂಡೆಗಟ್ಟಲೆ ಅಕ್ಕಚ್ಚು ಗಟಾರಕ್ಕೆ ಹೋಗುವುದನ್ನು ನೋಡಿ ಅವರ ಹೊಟ್ಟೆ ಉರಿಯುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಪ್ಲಂಬರನನ್ನು ಕರೆದು, ನಮಗಾರಿಗೂ ಹೇಳದೆ, ಅಡುಗೆಮನೆಯಿಂದ ಅಕ್ಕಚ್ಚು ಹೊರಹೋಗುವ ಪೈಪನ್ನು ಇಂಗುಗುಂಡಿಗೆ ತಿರುಗಿಸಿಬಿಟ್ಟರು.

ವಾಸನೆ ಮೊದಲು ಮೂಗಿಗೆ ಬಡಿದದ್ದು ಕಲಬುರಗಿ ಕಡೆಯ ನೆರೆಯಾಕೆಗೆ. ತುಂಬಿದ ಕೊಡವನ್ನು ನಮ್ಮ ಹಿತ್ತಲಿಗೇ ಹೊತ್ತು ತಂದು ಮಾವನ ಮುಂದಿಟ್ಟಳು.

"ಕಾಕಾ, ನೀರು ಹುಳಿ ವಾಸನಿ ಬರ್ಲಿಕತ್ತದರಿ. ಸಣ್ಣ ಕೂಸಿಗಿ ಹ್ಯಾಂಗ ಕುಡಸ್ಲಿ?"

ಗಂಡ ಗುಂಡಿಯ ಮುಚ್ಚಳ ತೆಗೆದರು. ಒಳಗೆ ಬಿಳಿ ಲೋಳೆ ಕಟ್ಟಿ, ಹಳಸಿದ ಹಿಟ್ಟಿನ ನಾತ ಎದ್ದಿತು.

"ಅಪ್ಪಯ್ಯ, ಎಂತ ಮಾಡಿದ್ರಿ ನೀವು?"

"ಅಕ್ಕಚ್ಚು ಎಂತ ಹೊಲಸಾ? ದನ ಕುಡಿತದೆ ಮಾರಾಯ," ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನಗೆ ಕೆಟ್ಟ ಸಿಟ್ಟು ಬಂತು. ಉಳಿಸಲು ಹೋಗಿ ಇದ್ದದ್ದನ್ನೂ ಕಳೆದ ಮುದುಕನ ಮೇಲೆ, ಮಳೆಯಿಲ್ಲದ ಆಕಾಶದ ಮೇಲೆ, ಎಲ್ಲದರ ಮೇಲೆ. ಗುಂಡಿ ಬಗೆದು ಮರಳು ಬದಲಿಸಿದೆವು. ಬೋರ್‌ವೆಲ್ಲಿಗೆ ಔಷಧಿ ಹಾಕಿದೆವು, ಹಗಲೆಲ್ಲ ಪಂಪು ಓಡಿಸಿ ನೀರು ಹೊರಚೆಲ್ಲಿದೆವು. ಬರಗಾಲದ ಊರಲ್ಲಿ ನೀರು ರಸ್ತೆಯಲ್ಲಿ ಹರಿದುಹೋಗುವುದನ್ನು ಓಣಿ ಇಡೀ ನಿಂತು ನೋಡಿತು. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹುಳಿ ಮಾತ್ರ ಹೋಗಲಿಲ್ಲ.

ಟ್ಯಾಂಕರ್ ನೀರಿನಲ್ಲಿ ಹೋಟೆಲು ನಡೆಯುವುದಿಲ್ಲ, ನಾಸಿಕ್‌ನಲ್ಲಿ ನನ್ನ ತವರಿನಲ್ಲಿ ಅಣ್ಣ ನಡೆಸುವ ಹೋಟೆಲಿಗೆ ಸೇರಿಕೊಳ್ಳೋಣ ಎಂದರು ಗಂಡ. ಮಾವ ಒಪ್ಪಲಿಲ್ಲ. "ಓಣಿಯವರ ನೀರು ಹಾಳು ಮಾಡಿ ಓಡಿ ಹೋಗುದಾ? ಅದು ಸರಿಯಾಗುವವರೆಗೆ ನಾನು ಇಲ್ಲೇ," ಎಂದರು.

ಒಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಮಾವ ಬೋರ್‌ವೆಲ್ಲಿನ ನಲ್ಲಿಯ ಬಳಿ ಹೋಟೆಲಿನ ಸ್ಟೀಲ್ ಲೋಟ ಹಿಡಿದು ಗಟಗಟ ಕುಡಿಯುತ್ತಿದ್ದರು. ನಾನು ಚೀರಿಯೇ ಬಿಟ್ಟೆ.

"ದಿನಾ ಕುಡಿದು ನೋಡ್ತೇನೆ. ಇವತ್ತು ನಿನ್ನೆಯಷ್ಟು ಹುಳಿ ಇಲ್ಲ," ಎಂದರು. ಕಣ್ಣು ಒಳಗೆ ಹೋಗಿತ್ತು. ಹೊಟ್ಟೆ ಸರಿಯಿಲ್ಲವೆಂದು ಅವರು ವಾರದಿಂದ ಊಟ ಬಿಟ್ಟದ್ದು ಏಕೆಂದು ಆಗ ತಿಳಿಯಿತು. ಲೋಟ ಕಸಿದುಕೊಂಡು ತಳದಲ್ಲಿದ್ದದ್ದನ್ನು ನಾಲಿಗೆಗೆ ಹಾಕಿಕೊಂಡೆ. ಅದೇ ಹುಳಿ.

ಅಷ್ಟರಲ್ಲಿ ನೆರೆಯಾಕೆ ಖಾಲಿ ಕೊಡ ಹಿಡಿದು ಬೇಲಿಯಾಚೆ ಬಂದು ನಿಂತಳು.

"ಇವತ್ತ ಹ್ಯಾಂಗದರಿ ಕಾಕಾ?"

ಮಾವ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಕೆ ಖಾಲಿ ಕೊಡವನ್ನು ಕಂಕುಳಿಗಿಟ್ಟು ಹೊರಟುಹೋದಳು. ಮಾವ ನನ್ನ ಕೈಯಿಂದ ಲೋಟ ಬಿಡಿಸಿಕೊಂಡು, ಮತ್ತೆ ನಲ್ಲಿ ತಿರುಗಿಸಿದರು.