ರೇಡಿಯೊಗಿಟ್ಟ ಕುಂಕುಮ

ನಮ್ಮ ಯಜಮಾನರು ನನ್ನನ್ನು "ಅಕ್ಕಾ" ಅಂತ ಕರೆಯಲು ಶುರುಮಾಡಿ ವರ್ಷವಾಗುತ್ತಾ ಬಂತು. ಮರೆವಿನ ಕಾಯಿಲೆ. ಊಟ ಬಡಿಸಿದರೆ "ಸಾಕು ಕಣಕ್ಕಾ, ನಿಮ್ಗೂ ಒಸಿ ಇಟ್ಕಳಿ" ಅನ್ನುತ್ತಾರೆ. ಮದುವೆಯಾದಾಗಿನಿಂದ "ಏನಮ್ಮೀ, ಸಾರಿಗೆ ಉಪ್ಪು ಹಾಕಿದ್ದೀಯೋ ಇಲ್ವೋ" ಅಂತ ಗದರಿದ ಬಾಯಿ ಈಗ ಇಷ್ಟು ಮರ್ಯಾದೆ ಕೊಡುತ್ತದೆ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ.

ಅವರು ಮರೆಯದೆ ಉಳಿಸಿಕೊಂಡಿರುವುದು ಒಂದು ರೇಡಿಯೊ. ಚರ್ಮದ ಕವರಿನ ಹಳೆಯ ಟ್ರಾನ್ಸಿಸ್ಟರ್. ಹಿಂದೆ ಕೆಟ್ಟಾಗಲೆಲ್ಲ ನಾನೇ ಸರಿಮಾಡುತ್ತಿದ್ದೆ. ಟೀವಿ ಬಂದ ಮೇಲೆ ಕೆಟ್ಟದ್ದನ್ನು ಯಾರೂ ವಿಚಾರಿಸಲಿಲ್ಲ. ಈಗ ಸಂಜೆಯಾದರೆ ಜಗಲಿಯಲ್ಲಿ ಕೂತು ಅದರ ಕಿವಿ ಹಿಂಡುತ್ತಾರೆ. ಹಿಂದೆಲ್ಲ ಶಾರ್ಟ್‌ವೇವಿನಲ್ಲಿ ಸಮುದ್ರದಾಚೆಯ ಒಂದು ಸ್ಟೇಷನ್ ಹಿಡಿದು ಹಿಂದಿ ಹಾಡು ಕೇಳುತ್ತಿದ್ದರು. ಹಿಂದಿ ಒಂದಕ್ಷರ ಬಾರದು, ತಲೆ ಮಾತ್ರ ಬಿಡದೆ ಆಡಿಸುವರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದೆ.

"ಪರಿಚಯದ ಸದ್ದು ಕೇಳಿದರೆ ಕೆಲವರಿಗೆ ನೆನಪು ಬರೋದುಂಟು, ಆದ್ರೆ ನಂಬ್ಕೊಂಡು ಕೂರಬೇಡಿ" ಅಂದಿದ್ದರು ಡಾಕ್ಟರು. ನಾನು ಮೊದಲರ್ಧ ಮಾತ್ರ ಮನೆಗೆ ತಂದೆ. ಆ ಹಾಡು ಬಂದರೆ ಅಡುಗೆಮನೆ ಕಡೆ ತಿರುಗಿ ಒಂದು ಸಲ "ಅಮ್ಮೀ" ಅಂದಾರು. ನನಗೆ ಬೇಕಿದ್ದದ್ದು ಅಷ್ಟೇ.

"ಹೊಸ್ದು ತಂದ್ಕೊಡ್ತೀನಿ ಬುಡವ್ವ, ಆ ಡಬ್ಬ ಯಾಕೆ?" ಅಂದ ಮಗ. ಹೊಸದರ ಸದ್ದು ಅವರಿಗೇನು ಗೊತ್ತು? ಮದುವೆಯಾದ ಹೊಸತರಲ್ಲಿ ಮಾಗಡಿಯಿಂದ ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾ ಬೆಂಗಳೂರಿನ ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು ನಾನು. ಕೈ ನಡುಗಬಹುದು, ಕೆಲಸ ಮರೆತಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದೆ. ಸೆಲ್ಲು ಸೋರಿ ಸ್ಪ್ರಿಂಗುಗಳು ಹಸಿರುಗಟ್ಟಿದ್ದವು. ಕೆರೆದು, ತುಂಡಾದ ತಂತಿಗೆ ಬೆಸುಗೆ ಹಾಕಿದೆ. ಸ್ಪೀಕರಿಗೆ ಸೆಲ್ಲು ತಾಗಿಸಿದರೆ ಟಕ್ ಅಂತು. ಅದು ಚೆನ್ನಾಗಿದೆ. ವಾಲ್ಯೂಮಿನ ಹತ್ತಿರ ಸ್ಕ್ರೂಡ್ರೈವರ್ ಮುಟ್ಟಿಸಿದರೆ ಗುರ್ ಅಂತು. ಅದೂ ಚೆನ್ನಾಗಿದೆ. ಹಾಗಾದರೆ ತೊಂದರೆ ಇರುವುದು ಸ್ಟೇಷನ್ ಹಿಡಿಯುವ, ಗ್ಯಾಂಗ್ ಅನ್ನುವ ಭಾಗದಲ್ಲಿ. ಗುಂಡಿ ತಿರುಗಿಸಿದಂತೆ ಅದರ ತೆಳು ಪ್ಲೇಟುಗಳು ಒಂದರ ಸಂದಿಯಲ್ಲಿ ಒಂದು ನುಸುಳಬೇಕು, ಒಂದಕ್ಕೊಂದು ತಾಕಬಾರದು. ಟಾರ್ಚು ಬಿಟ್ಟು ನೋಡಿದೆ. ಸಂದಿಯೆಲ್ಲ ಕೆಂಪು.

ಕುಂಕುಮ! ಆಯುಧಪೂಜೆಯ ದಿನ ಕುಡುಗೋಲು, ಸೈಕಲ್ಲಿನ ಜೊತೆ ರೇಡಿಯೊಗೂ ಪೂಜೆ ಆಗಲೇಬೇಕು, ಅದೂ ಅವರ ಕೈಯಿಂದಲೇ. ವಿಭೂತಿ ಎಳೆದು, ತಮ್ಮ ಸ್ಟೇಷನ್ ಬರುವ ಜಾಗಕ್ಕೆ ಸರಿಯಾಗಿ ಕುಂಕುಮ ಇಟ್ಟು, ಮೇಲೆ ಕಳಶದ ನೀರು ಚಿಮುಕಿಸುವರು. ಸ್ಟೇಷನ್ ತೋರಿಸುವ ಮುಳ್ಳಿನ ಮೇಲಿನ ಗಾಜು ಯಾವಾಗಲೋ ಒಡೆದಿತ್ತು. ವರ್ಷ ವರ್ಷವೂ ಇಟ್ಟದ್ದೆಲ್ಲ ನೀರಿನ ಜೊತೆ ಒಳಗಿಳಿದು ಪ್ಲೇಟುಗಳನ್ನು ಅಂಟಿಸಿಬಿಟ್ಟಿತ್ತು. ಪೂಜೆ ಮಾಡಿ ಮಾಡಿಯೇ ಕೊಂದಿದ್ದರು ಪುಣ್ಯಾತ್ಮರು. ಒಬ್ಬಳೇ ಕೂತು ನಕ್ಕೆ, ಆಮೇಲೆ ಅತ್ತೆ.

ಸ್ಪಿರಿಟ್ಟಿನಲ್ಲಿ ಸಣ್ಣ ಕುಂಚ ಅದ್ದಿ, ಒಂದು ಪ್ಲೇಟೂ ಬಾಗದಂತೆ ಎಲ್ಲವನ್ನೂ ತೊಳೆದೆ. ಸಂಜೆ ಹೊಸ ಸೆಲ್ಲು ಹಾಕಿ ಅವರ ತೊಡೆಯ ಮೇಲಿಟ್ಟೆ. ಆಮೇಲೆ ಹೋಗಿ ಅಡುಗೆಮನೆ ಬಾಗಿಲಲ್ಲಿ, ನನ್ನ ಹಳೆಯ ಜಾಗದಲ್ಲಿ ನಿಂತೆ.

ರೇಡಿಯೊಗೆ ಜೀವ ಬಂತು. ಸೊಂಯ್ ಅನ್ನುವ ಸದ್ದು, ನಡುವೆ ಯಾರೋ ಚೀನಾದವರ ಮಾತು. ಮುಳ್ಳು ಕುಂಕುಮದ ಕಲೆಯ ನೇರಕ್ಕೆ ಬಂತು. ಅಲ್ಲಿ ಏನೂ ಇರಲಿಲ್ಲ, ಬರೀ ಸೊಂಯ್. ಆ ಸ್ಟೇಷನ್ನೇ ನಿಂತುಹೋಗಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವರು ಒಂದಷ್ಟು ಹೊತ್ತು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಆಫ್ ಮಾಡಿ, ಅಡುಗೆಮನೆ ಕಡೆ ತಿರುಗಿದರು.

"ಅಕ್ಕಾ, ಒಸಿ ಬನ್ನಿ ಇಲ್ಲಿ."

ಹೋದೆ. ರೇಡಿಯೊವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

"ಕೆಟ್ಟೋಗೈತೆ ಕಣಕ್ಕಾ ಇದು. ನಮ್ಮನೆಯೋಳು ಬಂದ್ರೆ ಕೊಟ್ಬುಡಿ, ಅವಳು ಸರಿ ಮಾಡ್ತಾಳೆ. ಬಸ್ಸು ಬರೋ ಹೊತ್ತಾಯ್ತು."

"ಕೊಡ್ತೀನಿ" ಅಂತ ಇಸಿದುಕೊಂಡೆ. ಅವರು ರಸ್ತೆಯ ಕಡೆ ನೋಡುತ್ತಾ ಕೂತರು.